ಹಸಿ ಗರಿಯ ಮನೆ

ಸೇಲಂನಲ್ಲಿ ಮುನಿರಾಜನನ್ನು ಯಾರೂ ಬಡಗಿ ಎಂದು ಕರೆಯುವುದಿಲ್ಲ. ಮಕ್ಕಳ ರೂಮ್ ಮಾಡುವವನು ಎನ್ನುತ್ತಾರೆ. ಕಾರಿನ ಆಕಾರದ ಮಂಚ, ಒಂದರ ಮೇಲೊಂದು ಹಾಸಿಗೆ, ಹತ್ತಲು ಏಣಿ, ಇಳಿಯಲು ಜಾರುಬಂಡೆ, ಮರದ ಕೊಂಬೆಯಂತೆ ಕಾಣುವ ಪುಸ್ತಕದ ಶೆಲ್ಫು, ಇವೆಲ್ಲ ಅವನ ಕೈಕೆಲಸ. ಹೊಸ ಮನೆ ಕಟ್ಟಿಸಿದವರು, ಪ್ಲೇ ಸ್ಕೂಲ್ ನಡೆಸುವವರು ಅವನನ್ನು ಹುಡುಕಿಕೊಂಡು ಬರುತ್ತಾರೆ. ಹಾಗೆ ಬಂದವರ ಜೊತೆ ಜಗಳವಾಡದೆ ಅವನು ಕೆಲಸ ಮುಗಿಸಿದ್ದೇ ಇಲ್ಲ. ಗೋಡೆಗೆ ಯಾವ ಬಣ್ಣ ಬಳಿಯಬೇಕೆಂದು ತಾಯಿಯೋ ತಂದೆಯೋ ಬಾಯಿ ತೆರೆದರೆ, ಇಲ್ಲಿ ಮಲಗುವವರು ನೀವಾ, ಮಲಗುವ ಮಗು ಎಲ್ಲಿ ಕರೆಯಿರಿ ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಾನೆ. ಮಗು ಬಂದ ಮೇಲೆ ಮಾತ್ರ ಅವನ ದನಿ ಇಳಿಯುತ್ತದೆ. ಮಂಡಿಯೂರಿಕೊಂಡು ಕೋಣೆಯ ಸುತ್ತ ಓಡಾಡುತ್ತಾನೆ. ಮಗುವಿನ ಕಣ್ಣು ಇರುವ ಎತ್ತರದಿಂದ ಕಿಟಕಿ ಹೇಗೆ ಕಾಣುತ್ತದೆ, ಸ್ವಿಚ್ಚು ಕೈಗೆ ಸಿಗುತ್ತದೆಯೋ ಇಲ್ಲವೋ ಎಂದು ತಾನೇ ನೋಡುತ್ತಾನೆ. ಪ್ಯಾಂಟಿನ ಮಂಡಿ ಸವೆಯುವುದು ಇದರಿಂದಲೇ ಎಂದು ಹೆಂಡತಿ ಬಯ್ಯುತ್ತಾಳೆ.

ಇಂಥವನಿಗೆ ಸ್ವಂತ ತಂಗಿಯ ಮಗಳಿಗೆ ಒಂದು ಮೂಲೆ ಮಾಡಿಕೊಡಲು ಆಗಿರಲಿಲ್ಲ. ತಂಗಿ ಮಾಲತಿಯ ಮನೆ ತೊಪ್ಪೂರು ಘಾಟಿನ ಬುಡದ ಒಂದು ಹಳ್ಳಿಯಲ್ಲಿ. ಗಂಡ ಶಿವಲಿಂಗಂ ಲಾರಿ ಡ್ರೈವರು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಇರುವುದು ಒಂದು ಹಾಲು, ಒಂದು ಅಡುಗೆಮನೆ. ಮಾಲತಿಗೆ ಹೂವಿನ ವ್ಯಾಪಾರ. ಹಾಲಿನ ಅರ್ಧ ಜಾಗ ಸೇವಂತಿಗೆಯ ಕುಕ್ಕೆಗಳಿಗೆ. ಉಳಿದರ್ಧದಲ್ಲಿ ಬೀರು, ಟಿವಿ, ಮತ್ತು ಟಿವಿಯ ಕೆಳಗೆ ಚಾಪೆಯ ಮೇಲೆ ಜಯಪ್ರಿಯಾ. ಬೆಳಕು ಹರಿಯುವ ಮೊದಲೇ ಹೂ ತರುವವರು ಬಂದು, ಮಲಗಿರುವ ಹುಡುಗಿಯನ್ನು ದಾಟಿಕೊಂಡೇ ಓಡಾಡುತ್ತಿದ್ದರು. ಅವಳು ಆರನೆಯ ಕ್ಲಾಸು. ಅಂಗಳದಲ್ಲಿ ಇದ್ದಿಲಿನಿಂದ ಗೆರೆ ಎಳೆದು ಇದು ನನ್ನ ರೂಮು, ಇದು ಬಾಗಿಲು ಎಂದು ಒಬ್ಬಳೇ ಒಳಗೆ ಕೂತು ಆಡುತ್ತಿದ್ದಳು. ಸಂಜೆ ಮಾಲತಿ ಸಗಣಿ ನೀರು ಹಾಕಿದರೆ ರೂಮು ಹೋಯಿತು. ಮರುದಿನ ಮತ್ತೆ ಗೆರೆ. ಮುನಿರಾಜ ಬಂದಾಗಲೆಲ್ಲ, ಮಾಮ, ಊರೋರ ಮಕ್ಳಿಗೆಲ್ಲ ಮಾಡ್ತೀಯ, ನನಗ್ಯಾವಾಗ ಎಂದು ಅವಳು ಕೇಳುವುದೂ, ಆಯ್ತದೆ ಬಿಡು ಎಂದು ಅವನು ಹೇಳುವುದೂ ವರ್ಷಗಟ್ಟಲೆ ನಡೆದಿತ್ತು.

ಆಯುಧ ಪೂಜೆಯ ಮುಂಚಿನ ರಜೆಯಲ್ಲಿ ಅವನು ಏರ್ಕಾಡಿನ ಒಂದು ಕಾಟೇಜಿನಲ್ಲಿ ಮಕ್ಕಳ ಆಟದ ಜಾಗ ಮಾಡಿ ಮುಗಿಸಿದ. ಬಿದಿರಿನ ಕೆಲಸ. ಒಂದಿಷ್ಟು ಬಿದಿರು ಮಿಕ್ಕಿತು. ಅದನ್ನು ಕುಟ್ಟಿಯಾನೆ ಎಂದು ಎಲ್ಲರೂ ಕರೆಯುವ ತನ್ನ ಪುಟ್ಟ ಸಾಮಾನು ಗಾಡಿಗೆ ಹೇರಿಕೊಂಡು ಬೆಟ್ಟ ಇಳಿದವನು ನೇರವಾಗಿ ತೊಪ್ಪೂರಿನ ದಾರಿ ಹಿಡಿದ. ಅವನು ಹೋದಾಗ ಮಾಲತಿ ಹೂ ತೆಗೆದುಕೊಂಡು ಧರ್ಮಪುರಿಗೆ ಹೋಗಿದ್ದಳು. ಹುಡುಗಿ ಒಬ್ಬಳೇ ಇದ್ದಳು. ಇವತ್ತು ನಿನ್ನ ಮನೆ ಕಟ್ಟೋಣ, ಏನೇನು ಬೇಕು ಹೇಳು ಎಂದ.

ಅವಳು ಹೇಳಲು ಶುರು ಮಾಡಿದರೆ ನಿಲ್ಲಿಸಲೇ ಇಲ್ಲ. ಬಾಗಿಲು ಬಗ್ಗಿ ಹೋಗುವಷ್ಟು ಚಿಕ್ಕದಾಗಿರಬೇಕು, ದೊಡ್ಡವರು ಬರಬಾರದು. ಒಳಗೆ ಒಂದು ಅಟ್ಟ, ಅದರ ಮೇಲೆ ಮಲಗಬೇಕು. ಘಾಟಿ ಹತ್ತುವ ಲಾರಿಗಳು ಕಾಣುವ ಹಾಗೆ ಒಂದು ಕಿಂಡಿ. ಒಂದು ಉಯ್ಯಾಲೆ. ಮುನಿರಾಜ ನಕ್ಕು, ನಿಮ್ಮಪ್ಪನ ಲಾರಿ ನಿಲ್ಲಿಸಲು ಷೆಡ್ಡೂ ಬೇಕಾ ಎಂದ. ಅಂಗಳದಲ್ಲಿ ಬಿದಿರು ನೆಟ್ಟು ಚೌಕಟ್ಟು ಕಟ್ಟಿದ. ಬಾವಿಯ ಪಕ್ಕದ ಮರ ಹತ್ತಿ ತೆಂಗಿನ ಹಸಿ ಗರಿ ಕಡಿದು ಹಾಕಿದ. ಮಾಮ, ಸೋದರಸೊಸೆ ಇಬ್ಬರೂ ಕೂತು ಗರಿ ಹೆಣೆದರು. ಸೂರಿಗೆ ಗರಿ, ಮೂರು ಕಡೆ ಗೋಡೆಗೆ ಗರಿ. ಒಳಗೆ ಅಟ್ಟ, ಉಯ್ಯಾಲೆ ಕಟ್ಟಿ, ಬಾಗಿಲಿಗೆ ಮಾಲತಿಯ ಹಳೆಯ ಸೀರೆಯನ್ನು ಇಳಿಬಿಟ್ಟರು. ಹುಡುಗಿ ಒಳಗೆ ಹೋಗಿ ಅಟ್ಟದ ಮೇಲೆ ಕೂತಳು. ಅವನು ಹೊರಗೆ ನಿಂತು ಉಳಿದ ಗರಿ ಬಿಗಿಯುತ್ತಿದ್ದ.

ಆ ಹೊತ್ತಿಗೆ ಪಕ್ಕದ ಮನೆಯ ಕಣ್ಣಮ್ಮ ಮೇಕೆ ಹೊಡೆದುಕೊಂಡು ಬಂದಳು. ಬೇಲಿಯ ಹತ್ತಿರ ನಿಂತು ನೋಡಿದಳು. ಗರಿ ಕಟ್ಟುವ ಮುನಿರಾಜನನ್ನು ನೋಡಿದಳು, ಸೀರೆಯ ಸಂದಿಯಲ್ಲಿ ಹುಡುಗಿಯ ಕಾಲು ನೋಡಿದಳು. ಏನೂ ಕೇಳದೆ ಸರಸರನೆ ತನ್ನ ಮನೆಯೊಳಗೆ ಹೋದಳು. ಏನಿದೆ ಎಂದು ಇಣುಕುವ ಹೆಂಗಸು ಎಂದುಕೊಂಡು ಅವನು ಕೆಲಸ ಮುಂದುವರಿಸಿದ.

ಆ ಸೀಮೆಯಲ್ಲೇ ಹುಟ್ಟಿ ಬೆಳೆದವನು ಅವನು. ಹೆಣ್ಣುಮಗು ಮೈನೆರೆದಾಗ ತಾಯಿಯ ತಮ್ಮನೋ ಅಣ್ಣನೋ ಬಂದು ಅಂಗಳದಲ್ಲಿ ಹಸಿ ಗರಿಯ ಗುಡಿಸಲು ಕಟ್ಟಿ ಅವಳನ್ನು ಒಳಗೆ ಕೂರಿಸುವುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಸೋದರಮಾವನಲ್ಲದೆ ಬೇರೆ ಯಾರೂ ಅದಕ್ಕೆ ಕೈ ಹಚ್ಚುವ ಹಾಗಿಲ್ಲ. ಮಾಲತಿ ಮೈನೆರೆದಾಗ ತಮ್ಮಿಬ್ಬರ ಸೋದರಮಾವ ಇಂಥದೇ ಗುಡಿಸಲು ಕಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ, ಗರಿ ಎತ್ತಿ ಕೊಟ್ಟೂ ಇದ್ದ. ಆದರೆ ಸೇಲಂನಲ್ಲಿ ಈಗ ಮಂಟಪ ಹಿಡಿದು, ಹುಡುಗಿಯ ಫೋಟೋದ ಫ್ಲೆಕ್ಸ್ ಕಟ್ಟಿ, ಕುರ್ಚಿಯ ಹಿಂದೆ ಎರಡು ಗರಿ ಸಿಕ್ಕಿಸಿ ಶಾಸ್ತ್ರ ಮುಗಿಸುತ್ತಾರೆ. ಅದನ್ನೇ ನೋಡಿ ನೋಡಿ ಹಳೆಯದು ಎಲ್ಲೋ ಹೋಗಿತ್ತು. ಅವತ್ತು ಅವನ ತಲೆಯಲ್ಲಿ ಇದ್ದದ್ದು ಉಯ್ಯಾಲೆಯ ಹಗ್ಗ ಯಾವ ಗಳಕ್ಕೆ ಕಟ್ಟಿದರೆ ಭಾರ ತಡೆಯುತ್ತದೆ ಎನ್ನುವುದು ಮಾತ್ರ. ಮರೆತ. ಅಷ್ಟೇ.

ಸ್ವಲ್ಪ ಹೊತ್ತಿಗೆ ಕಣ್ಣಮ್ಮ ತಿರುಗಿ ಬಂದಳು. ಒಂದು ಕೈಯಲ್ಲಿ ಮೈನೆರೆದವಳಿಗೆ ತಿನ್ನಿಸುವ ಉದ್ದಿನ ಕಳಿಯ ಬಟ್ಟಲು, ಇನ್ನೊಂದರಲ್ಲಿ ಎಳ್ಳೆಣ್ಣೆಯ ಗಿಂಡಿ. ಹಿಂದೆ ಬೀದಿಯ ಹೆಂಗಸರು. ಬಂದವರೇ ಶುಭಕಾರ್ಯದಲ್ಲಿ ಕೂಗುವ ಹಾಗೆ ನಾಲಿಗೆ ಆಡಿಸಿ ಕುಲವೆ ಹಾಕಿದರು. ಮುನಿರಾಜನ ಕೈಯಿಂದ ಗರಿ ಕಟ್ಟುವ ಹಗ್ಗ ಜಾರಿತು.

“ಮಗು ದೊಡ್ಡೋಳಾಗವ್ಳೆ, ಬೇಲಿ ಪಕ್ಕದಾಗಿರೋ ನನಗೊಂದು ಮಾತು ಏಳ್ಬಾರ್ದಾ?” ಎಂದಳು ಕಣ್ಣಮ್ಮ. “ಅವರವ್ವನೂ ಇಲ್ಲ. ಗಂಡಸು ನೀನೊಬ್ಬನೇ ಏನ್ ಮಾಡೀಯ? ಬಿಡು, ನಾವು ನೋಡ್ಕೊತೀವಿ.”

“ಯಾರು ದೊಡ್ಡೋಳಾದ್ದು? ಇದು ಆಟದ ಮನೆ ಕಣಕ್ಕ.”

“ತಾಯ್ ಮಾಮನ್ ಬಂದು ಹಸೀ ಗರಿ ಕಟ್ಟಿ, ಮಗೂನ ಒಳಗೆ ಕೂರಿಸಿ, ಅಡ್ಡ ಸೀರೆ ಬಿಟ್ಟು, ಆಟ ಅಂತೀಯ?”

ಹೆಂಗಸರು ನಕ್ಕರು. ಕೆಟ್ಟ ನಗುವಲ್ಲ, ನಾಚುವ ಗಂಡಸನ್ನು ಕಂಡರೆ ನಗುವ ನಗು. ಆಗ ಅವನು ತಾನೂ ನಕ್ಕು, ಸೀರೆ ಎತ್ತಿ ಅಟ್ಟ ತೋರಿಸಿ, ಉಯ್ಯಾಲೆ ತೋರಿಸಿ, ತಪ್ಪಾಯಿತು ತಾಯಂದಿರಾ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ. ತನ್ನ ಕಣ್ಣಿಗೆ ತಾನು ಮಾಡಿದ್ದು ಏನೆಂದು ಅದೇ ಗಳಿಗೆಯಲ್ಲಿ ಕಂಡಿತ್ತಲ್ಲ, ಅದರ ಸಿಟ್ಟೂ ಸೇರಿತು. “ನಿನ್ ಕಳಿ ತಗೊಂಡೋಗಿ ಮೇಕೆಗಾಕು” ಎಂದುಬಿಟ್ಟ. ಕಣ್ಣಮ್ಮನ ಮುಖ ಕಪ್ಪಾಯಿತು. ಎತ್ತಿಕೊಂಡು ಬಂದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಮುಚ್ಚಿಡುವ ವಿಷಯ ಇದ್ದವರೇ ಹೀಗೆ ಸಿಡಿಯುವುದು ಎಂದು ಉಳಿದವರು ಅಂದುಕೊಂಡರು.

ಒಳಗೆ ಹುಡುಗಿಗೆ ಎಲ್ಲ ಕೇಳಿಸಿತ್ತು. ಅವಳ ಕ್ಲಾಸಿನಲ್ಲೇ ಒಬ್ಬಳನ್ನು ಕೂರಿಸಿದ್ದರು, ಹಾಗಾಗಿ ಏನೆಂದು ಅವಳಿಗೆ ತಿಳಿಯದೆ ಇಲ್ಲ. ಅಟ್ಟದಿಂದ ಇಳಿದು ಸೀರೆ ಸರಿಸಿ, “ಮಾಮ, ಅವರು ಎಲ್ಲಾರಿಗೂ ಏಳ್ತಾರಾ?” ಎಂದು ಕೇಳಿದಳು. ಯಾರು ಏನು ಹೇಳಿದರೆ ನಮಗೇನು, ಹೋಗಿ ಉಯ್ಯಾಲೆ ಆಡು ಎಂದ ಅವನು. ಅವಳು ಒಳಗೆ ಹೋದಳು. ಉಯ್ಯಾಲೆ ಆಡಿದ ಸದ್ದು ಬರಲಿಲ್ಲ.

ಕಣ್ಣಮ್ಮನಿಗೆ ಕಾಲಿಗಿಂತ ಫೋನು ವೇಗ. ಮಾಲತಿಗೆ ಸುದ್ದಿ ಸಿಕ್ಕಿದ್ದು ಬಸ್ಸಿನಲ್ಲಿ. ಖಾಲಿ ಕುಕ್ಕೆಗಳನ್ನು ಸೀಟಿನ ಕೆಳಗೆ ತುರುಕಿ ಕೂತಿದ್ದವಳಿಗೆ ಊರಿನವಳೊಬ್ಬಳು ಸಿಹಿ ಯಾವಾಗ ಎಂದು ಕೇಳಿದಳಂತೆ. ಹೆತ್ತವಳಿಗೆ ಇಲ್ಲದ ಸುದ್ದಿ ಬಸ್ಸಿಗೆ ಇದೆ. ಅವಳು ಉರಿಯುತ್ತಲೇ ಇಳಿದು, ಓಡುತ್ತಲೇ ಮನೆಗೆ ಬಂದಳು. ಅಣ್ಣನ ಮುಖ ನೋಡಲಿಲ್ಲ. ನೇರವಾಗಿ ಗುಡಿಸಲೊಳಗೆ ಬಗ್ಗಿದಳು. ಒಳಗೆ ಪಿಸುಪಿಸು ಮಾತಾಯಿತು. ಹೊರಗೆ ಬಂದಾಗ ಅವಳ ಉಸಿರು ಸ್ವಲ್ಪ ಇಳಿದಿತ್ತು. ಏನೂ ಇಲ್ಲ ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, ನಿನಗೆ ತಲೆ ಇರುವುದು ಎಣ್ಣೆ ಹಚ್ಚುವುದಕ್ಕಾ, ಹಸಿ ಗರಿ ಕಟ್ಟುತ್ತೀಯಲ್ಲ, ಒಂದು ಟಾರ್ಪಾಲು ಸಿಗಲಿಲ್ಲವಾ ಎಂದು ಚೆನ್ನಾಗಿ ಬೈದಳು. ಬೈಸಿಕೊಳ್ಳುವುದು ಅವನಿಗೆ ಆಗ ಹಿತವಾಗಿಯೇ ಇತ್ತು.

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಇಳಿದವಳು ಶಿವಲಿಂಗಂನ ಅಕ್ಕ ಪಳನಿಯಮ್ಮ. ತಟ್ಟೆಯಲ್ಲಿ ರೇಷ್ಮೆ ಸೀರೆ, ಬಾಳೆಹಣ್ಣು, ಹೂವು, ಬಳೆ. ಹಣೆಯ ಮೇಲೆ ಹೊಸ ಕುಂಕುಮ. ಆಟೋ ಓಡಿಸಿಕೊಂಡು ಬಂದವನು ಅವಳ ಮಗ ಶರವಣಕುಮಾರ್, ಮೀಸೆ ಬಲಿತ ಗಂಡಸು. ಅವನು ಇಳಿಯಲಿಲ್ಲ. ಕನ್ನಡಿಯಲ್ಲಿ ಒಂದು ಸಲ ಗುಡಿಸಲ ಕಡೆ ನೋಡಿ ಫೋನಿನಲ್ಲಿ ಮುಖ ಇಟ್ಟ. ಆ ಒಂದು ನೋಟ ಮುನಿರಾಜನಿಗೆ ಸಾಕಾಯಿತು. ಗರಿ ಕಡಿದ ಮಚ್ಚು ಕೈಯಲ್ಲಿತ್ತು, ಅದನ್ನು ಕೆಳಗಿಡದೆ ನಿಂತ.

ಮಾಲತಿ ಸಮಾಧಾನವಾಗಿಯೇ ಹೇಳಿದಳು. ಹಾಗೇನೂ ಆಗಿಲ್ಲ, ಅಣ್ಣ ಆಟಕ್ಕೆಂದು ಕಟ್ಟಿದ, ನೋಡಿದವರು ತಪ್ಪು ತಿಳಿದರು, ಬಿಸಿಲಲ್ಲಿ ಬಂದಿದ್ದೀರಿ, ಕೂತು ಮಜ್ಜಿಗೆ ಕುಡಿಯಿರಿ. ಪಳನಿಯಮ್ಮ ಕೂರಲಿಲ್ಲ. ಗುಡಿಸಲನ್ನು ಸುತ್ತಿ ಬಂದಳು. ಗರಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಹೆಣಿಗೆ ಚೆನ್ನಾಗಿ ಬಂದಿದೆ ಎಂದಳು.

“ಅಡಗ್ಸೋ ಇಸಯನಾ ಇದು, ಮಾಲತಿ? ನನ್ ತಮ್ಮ ರೋಡ್ನಾಗವ್ನೆ, ನಿಮ್ಮಣ್ಣ ಬಂದು ಗುಟ್ಟಾಗಿ ಗುಡ್ಲು ಆಕವ್ನೆ. ಯಾಕೆ ಅಂತ ನನಗೆ ಗೊತ್ತಿಲ್ವಾ? ಸೇಲಂನಾಗೆ ಓದೋ ಮಗ ಅವ್ನಲ್ಲ ಇವನಿಗೆ.”

“ನನ್ ಮಗ ಒಂಬತ್ತನೇ ಕ್ಲಾಸು,” ಎಂದ ಮುನಿರಾಜ.

“ಬೆಳೀತಾನಲ್ಲ. ನೀನು ಕಾಯ್ತೀಯ. ನಾನೂ ನನ್ ಮಗನಿಗೆ ಅಂತ ಕಾಯ್ತಾ ಇದ್ದೀನಿ, ಮಗು ಉಟ್ಟಿದ ದಿನದಿಂದ. ಸರಿ, ಆಗಿಲ್ಲ ಅಂತೀರ. ನಾನು ಸ್ವಂತ ಅತ್ತೆ. ಒಳಗೆ ಕರ್ಕೊಂಡೋಗಿ ನಾನೇ ನೋಡಿ ಬತ್ತೀನಿ. ಆಗಿಲ್ಲ ಅಂದ್ರೆ ತಟ್ಟೆ ಎತ್ಕೊಂಡು ಓಯ್ತೀನಿ.”

ಅವಳು ಬಾಗಿಲ ಸೀರೆಯ ಕಡೆ ಕೈ ಚಾಚಿದಳು. ಮಾಲತಿ ಅಡ್ಡ ಬಂದು ನಿಂತಳು. ಒಳಗಿನಿಂದ ಅಳುವ ಸದ್ದು ಬಂತು, ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವ ಅಳು.

ಮುನಿರಾಜನಿಗೆ ಮುಂದೆ ಕಣ್ಣು ಕಾಣಲಿಲ್ಲ. ಇದೇ ಗುಡಿಸಲಿನಿಂದ ತಾನೇ ಇಷ್ಟೆಲ್ಲ, ಇದೇ ಇಲ್ಲದಿದ್ದರೆ ಮಾತೂ ಇರುವುದಿಲ್ಲ ಎಂದು ಅವನ ಬುದ್ಧಿಗೆ ಹೊಳೆಯಿತು. ಸೀರೆ ಕಿತ್ತು, ಬಗ್ಗಿ, ಹುಡುಗಿಯ ರೆಟ್ಟೆ ಹಿಡಿದು ಹೊರಗೆಳೆದ. ಬೇಡ ಮಾಮ, ನಂದು ಮಾಮ ಎಂದು ಅವಳು ಕಂಬ ತಬ್ಬಿದಳು. ಅವಳ ಬೆರಳು ಬಿಡಿಸಿದ. ಮಚ್ಚಿನಿಂದ ಕಟ್ಟು ಕಡಿದ. ಅಟ್ಟವನ್ನು ಒದ್ದ. ಬಿದಿರೆಲ್ಲ ಒಂದರ ಮೇಲೊಂದು ಬಿತ್ತು. ಗಾಡಿಯಲ್ಲಿದ್ದ ಡೀಸೆಲ್ ಕ್ಯಾನು ತಂದು ಸುರಿದು ಕಡ್ಡಿ ಗೀರಿದ. ಹಸಿ ಗರಿ, ಎಲ್ಲಿ ಹತ್ತಬೇಕು? ಡೀಸೆಲ್ ಉರಿದು, ಗರಿ ಸುಟ್ಟುಕೊಂಡು ಕಪ್ಪು ಹೊಗೆ ಎದ್ದಿತು. ಹೊಗೆ ಬೀದಿಯನ್ನೆಲ್ಲ ತುಂಬಿತು. ಎಲ್ಲರ ಮನೆಯ ಬಾಗಿಲೂ ತೆರೆಯಿತು.

ಬೇಲಿಯಾಚೆ ಕಣ್ಣಮ್ಮ ನಿಂತಿದ್ದಳು. ಅವಳ ದನಿಯಲ್ಲಿ ಜೋರಿರಲಿಲ್ಲ, ಇದ್ದದ್ದನ್ನು ಹೇಳುವವಳಂತೆ ಹೇಳಿದಳು.

“ನೋಡಿದ್ಯಾ ಪಳನಿಯಮ್ಮ. ಮಾಮನೇ ಕಟ್ದ, ಮಾಮನೇ ಸುಟ್ಟ. ಇನ್ನು ತಲೆಗೆ ನೀರು ಆಕೋದೊಂದೇ ಬಾಕಿ.”

ಮುನಿರಾಜ ಬೆಂಕಿಪೊಟ್ಟಣ ಹಿಡಿದುಕೊಂಡೇ ನಿಂತುಬಿಟ್ಟ. ಕೂರುವ ದಿನಗಳು ತುಂಬಿದ ಮೇಲೆ ಹುಡುಗಿಯನ್ನು ಹೊರಗೆ ಕರೆದು, ಆ ಗುಡಿಸಲನ್ನು ಕೆಡವಿ ಬೆಂಕಿ ಇಡುವುದೂ ಸೋದರಮಾವನ ಕೆಲಸವೇ. ಮಾಲತಿಯ ಗುಡಿಸಲಿಗೆ ಬೆಂಕಿ ಇಟ್ಟಾಗ ಆ ಹೊಗೆಯಲ್ಲಿ ತಾನು ಕೆಮ್ಮಿದ್ದು ಅವನಿಗೆ ಆಗ ನೆನಪಾಯಿತು. ಶಾಸ್ತ್ರದಲ್ಲಿ ಉಳಿದಿದ್ದ ಅರ್ಧವನ್ನು ಊರೆಲ್ಲ ನೋಡುತ್ತಿರುವಾಗ ಅವನೇ ಕೈಯಾರೆ ಪೂರ್ತಿ ಮಾಡಿದ್ದ. ಇನ್ನು ಯಾವ ಬಾಯಲ್ಲಿ ಇಲ್ಲ ಎನ್ನುವುದು?

ಪಳನಿಯಮ್ಮ ತಟ್ಟೆಯನ್ನು ಜಗಲಿಯ ಮೇಲೆ ಇಟ್ಟಳು. ಮೊದಲ ಸೀರು ನಂದು, ಈ ಸೀರೆ ಬಳೆ ಇಟ್ಟದ್ದನ್ನು ಊರು ನೋಡಿದೆ ಎಂದು ಹೇಳಿ ಆಟೋ ಹತ್ತಿದಳು. ಮಾಲತಿ ತಟ್ಟೆ ಎತ್ತಿಕೊಂಡು ಓಡುವಷ್ಟರಲ್ಲಿ ಆಟೋ ತಿರುವಿನಲ್ಲಿತ್ತು. ಮರುದಿನ ಅವಳು ಬಸ್ಸು ಹತ್ತಿ ಹೋಗಿ ಅದನ್ನು ಹಿಂದೆ ಕೊಟ್ಟು ಬಂದಳು. ಕೊಟ್ಟು ಬಂದದ್ದೂ, ಅಣ್ಣನ ಮಗನಿಗೇ ಎತ್ತಿಟ್ಟಿದ್ದಾಳೆ ಎಂಬ ಇನ್ನೊಂದು ಮಾತಿಗೆ ದಾರಿಯಾಯಿತು.

ಶಿವಲಿಂಗಂ ನಾಗಪುರದ ಕಡೆಯಿಂದ ಫೋನ್ ಮಾಡಿದ. ಅಕ್ಕ ಅವನಿಗೆ ಮೊದಲೇ ಹೇಳಿದ್ದಳು. ಮಾಲತಿ ನಡೆದದ್ದನ್ನೆಲ್ಲ ವಿವರಿಸಿದಳು. ಅವನು ಕೆಟ್ಟವನಲ್ಲ, ಮಗಳೆಂದರೆ ಪ್ರಾಣ. ಎಲ್ಲ ಕೇಳಿಸಿಕೊಂಡು, “ಆಗಿಲ್ಲ ಅಂದ್ರೂ ಇನ್ನೆಷ್ಟು ದಿವ್ಸ ಬಿಡು” ಎಂದನಂತೆ.

ರಜೆ ಮುಗಿದು ಸ್ಕೂಲು ತೆರೆಯಿತು. ಜಯಪ್ರಿಯಾ ಹೋದಳು, ಮಧ್ಯಾಹ್ನಕ್ಕೇ ತಿರುಗಿ ಬಂದಳು. ಹುಡುಗಿಯರು ಸುತ್ತ ಕೂತು ಕೇಳಿದರಂತೆ. ಹುಡುಗರು ಕುಲವೆ ಹಾಕಿದರಂತೆ. ಟೀಚರು ಒಳ್ಳೆಯವರು, ಪಕ್ಕಕ್ಕೆ ಕರೆದು, ಸುಸ್ತಾದರೆ ಹೇಳಮ್ಮ, ಮಲಗಿಸುತ್ತೇನೆ ಎಂದರಂತೆ. ಇಲ್ಲ ಟೀಚರ್ ಎಂದರೆ, ಪರವಾಗಿಲ್ಲ, ನಾಚಿಕೆ ಬೇಡ ಎಂದರಂತೆ. ಅದಾದ ಮೇಲೆ ಅವಳು ಸ್ಕೂಲಿಗೆ ಹೋಗಲಿಲ್ಲ. ಅಂಗಳಕ್ಕೂ ಇಳಿಯಲಿಲ್ಲ. ಕುಕ್ಕೆಗಳ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದಳು. ಹೂ ತರುವವರು ಬಂದರೆ ದುಪ್ಪಟ್ಟಾ ಎಳೆದುಕೊಳ್ಳುತ್ತಿದ್ದಳು. ಮಾಲತಿ ಬೈದು ನೋಡಿದಳು, ಮುದ್ದು ಮಾಡಿ ನೋಡಿದಳು. ಕೊನೆಗೆ ಅಣ್ಣನಿಗೆ ಫೋನ್ ಮಾಡಿ, ಕೆಡಿಸಿದವನು ನೀನು, ಬಂದು ಸರಿ ಮಾಡು ಎಂದಳು.

ಭಾನುವಾರ ಅವನು ಗಾಡಿಯಲ್ಲಿ ಪ್ಲೈವುಡ್ ಹೇರಿಕೊಂಡು ಬಂದ. ಕುಕ್ಕೆಗಳನ್ನು ಜಗಲಿಗೆ ಸಾಗಿಸಿ, ಹಾಲಿನ ಆ ಅರ್ಧಕ್ಕೆ ಅಡ್ಡಗೋಡೆ ಹಾಕಿ ನಿಜವಾದ ಒಂದು ರೂಮು ಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಮಂಚದ ಕೆಳಗೆ ಗೊಂಬೆಗಳ ಡ್ರಾಯರು, ಸೂರಿಗೆ ಕತ್ತಲಲ್ಲಿ ಹೊಳೆಯುವ ಚುಕ್ಕಿ, ಒಂದು ಪುಟ್ಟ ಏಣಿ. ಬಂದವನು ಅಭ್ಯಾಸದಂತೆ ಮಂಡಿಯೂರಿ ಅವಳ ಎದುರು ಕೂತ. ಅವಳು ಅವನ ಮುಖ ನೋಡಲಿಲ್ಲ. ರೆಟ್ಟೆ ಹಿಡಿದು ಎಳೆದದ್ದು ತಪ್ಪಾಯಿತು ಎನ್ನಬೇಕೆಂದು ಅವನು ಬಂದಿದ್ದ. ಅದು ಬಾಯಿಗೆ ಬರಲಿಲ್ಲ. ಏನೇನು ಬೇಕು ಹೇಳು ಎಂದಷ್ಟೇ ಕೇಳಿದ.

ಆಟದ್ದು ಏನೂ ಬೇಡ ಎಂದಳು. ಹೊಳೆಯುವ ಚುಕ್ಕಿ ಅಂಟಿಸಲಾ ಎಂದರೆ ಚುಕ್ಕಿಯೂ ಬೇಡ ಎಂದಳು.

“ಒಳಗಡೆಯಿಂದ ಬೋಲ್ಟು ಬೇಕು,” ಎಂದಳು.

ಅವನ ಇಷ್ಟು ವರ್ಷದ ಕೆಲಸದಲ್ಲಿ ಮಕ್ಕಳ ರೂಮಿಗೆ ಒಳಗಿನಿಂದ ಬೋಲ್ಟು ಹಾಕಿದ್ದೇ ಇಲ್ಲ. ಮಗು ಹಾಕಿಕೊಂಡು ತೆಗೆಯಲು ಬಾರದೆ ಅಳುತ್ತದೆ, ಬಾಗಿಲು ಒಡೆಯಬೇಕಾಗುತ್ತದೆ. ಯಾವ ಮಗುವೂ ಅದನ್ನು ಕೇಳಿಯೂ ಇರಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದ. ಬೇಕಾದರೆ ಹೊರಗೆ ಒಂದು ಬೆಲ್ಲು ಇಡುತ್ತೇನೆ, ಒತ್ತಿ ಕೇಳಿಯೇ ಒಳಗೆ ಬರಲಿ ಎಂದು ನಗಿಸಲು ನೋಡಿದ. ಅಡುಗೆಮನೆಯಿಂದ ಮಾಲತಿ, ಬೋಲ್ಟು ಗೀಲ್ಟು ಏನೂ ಬೇಡ, ಒಳಗೆ ಏನಾದರೂ ಮಾಡಿಕೊಂಡರೆ ನಾನು ಏನು ಮಾಡಲಿ ಎಂದು ಕೂಗಿದಳು.

“ಅಂಗಾದ್ರೆ ರೂಮೇ ಬೇಡ ಮಾಮ. ವಾಪಸ್ ತಗೊಂಡೋಗು.”

ಸಿಟ್ಟಿಲ್ಲದೆ ಹೇಳಿದಳು. ಮುನಿರಾಜ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, ಬಾಯಿ ಮುಚ್ಚು ಎಂದು ತಂಗಿಯ ಮೇಲೆ ಕಿರುಚಿದ. ಅವಳ ಮೇಲೆ ಕಿರುಚುವ ಹಕ್ಕು ತನಗಿಲ್ಲ ಎಂದು ಕಿರುಚುವಾಗಲೇ ಗೊತ್ತಿತ್ತು. ಮಾಲತಿ ಒಲೆಯ ಕಡೆ ಮುಖ ಮಾಡಿಕೊಂಡಳು.

ಸಂಜೆಯ ಹೊತ್ತಿಗೆ ಗೋಡೆ ನಿಂತಿತು. ಬಾಗಿಲು ಕೂತಿತು. ಒಂದು ಮಂಚ, ಒಂದು ಶೆಲ್ಫು. ಗಾಡಿ ತೆಗೆದು ತೊಪ್ಪೂರಿಗೆ ಹೋಗಿ ಬೋಲ್ಟು ತಂದ. ಅವಳನ್ನು ನಿಲ್ಲಿಸಿ, ಕೈ ಎತ್ತಿಸಿ, ಎಲ್ಲಿಗೆ ಸುಲಭವಾಗಿ ಎಟಕುತ್ತದೆ ಎಂದು ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕಿದ. ಸ್ಕ್ರೂ ಬಿಗಿದ. ಹಾಕಿ ನೋಡು ಎಂದು ಹೊರಗೆ ಬಂದು ಬಾಗಿಲು ಎಳೆದ.

ಬೋಲ್ಟು ಸರಿದು ಗೋಡೆಯ ತೂತಿನಲ್ಲಿ ಕೂತ ಸದ್ದಾಯಿತು. ಅವನು ಸ್ಕ್ರೂಡ್ರೈವರ್ ಹಿಡಿದು ಕಾದು ನಿಂತ.

“ಬಿಗಿಯಾಗೈತಾ? ಸ್ವಲ್ಪ ಎಣ್ಣೆ ಬಿಡ್ಲಾ?”

“ಬೇಡ ಮಾಮ. ಸರಿಯಾಗೈತೆ,” ಎಂದಳು ಒಳಗಿನಿಂದ.

ತೆಗೆದು ನೋಡಬೇಕಲ್ಲ, ತೆಗೆ ಎಂದ. ಅವಳು ಮಲಗಿಕೊಂಡಿರಬೇಕು, ಮಂಚ ಕಿರುಗುಟ್ಟಿತು. ಮಾಲತಿ ತಟ್ಟೆಗೆ ಅನ್ನ ಬಡಿಸಿಕೊಂಡು ಬಂದು ಅವನ ಪಕ್ಕದಲ್ಲಿ ನಿಂತಳು. ಒಳಗೆ ಬೋಲ್ಟು ಸರಿಯಲಿಲ್ಲ.